ಬ್ರೈಲ್ ಡಿಸ್ಪ್ಲೇಗೆ ವಿಂಡೋಸಾ, ಲಿನಕ್ಸಾ? ಎರಡನ್ನೂ ಬಳಸಿದವನ ಮಾತು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಮನೆಯಲ್ಲೇ ಕೂತು ಕರಡು ತಿದ್ದುವುದು ನನ್ನ ಕೆಲಸ. ನನಗೆ ಕಣ್ಣು ಕಾಣಲ್ಲ, ಓದೋದೆಲ್ಲ ಬೆರಳಲ್ಲಿ. 40 ಸೆಲ್‌ನ ಬ್ರೈಲ್ ಡಿಸ್ಪ್ಲೇ ಇದೆ, ಪರದೆಯ ಮೇಲಿನ ಸಾಲನ್ನು ಉಬ್ಬು ಚುಕ್ಕಿಗಳಾಗಿ ಎಬ್ಬಿಸಿ ತೋರಿಸುವ ಸಾಧನ ಅದು; ಒಂದು ಚುಕ್ಕಿಗುಂಪಿನ ಜಾಗವೇ ಒಂದು ಸೆಲ್. ಅದರ ಬೆಲೆ ಲ್ಯಾಪ್‌ಟಾಪ್‌ಗಿಂತ ಜಾಸ್ತಿ. ಅಷ್ಟು ಕೊಟ್ಟ ಮೇಲೆ ಮ್ಯಾಕ್ ಕೈಗೆಟುಕಲಿಲ್ಲ. ದುಡ್ಡು ಕೊಟ್ಟು ತಗೊಳ್ಳುವ ಸ್ಕ್ರೀನ್ ರೀಡರ್ (ಪರದೆಯಲ್ಲಿರೋದನ್ನು ದನಿ, ಬ್ರೈಲ್‌ನಲ್ಲಿ ಕೊಡುವ ತಂತ್ರಾಂಶ) ಕೂಡ ಬೇಡವೆಂದೆ. ಉಳಿದದ್ದು ಎರಡು ದಾರಿ: ವಿಂಡೋಸ್ ಜೊತೆ ಎನ್‌ವಿಡಿಎ ಅನ್ನೋ ಉಚಿತ ಸ್ಕ್ರೀನ್ ರೀಡರ್, ಇಲ್ಲವೇ ಡೆಬಿಯನ್ ಲಿನಕ್ಸ್ ಜೊತೆ ಬಿಆರ್‌ಎಲ್‌ಟಿಟಿವೈ (ಬ್ರೈಲ್ ಡಿಸ್ಪ್ಲೇ ನಡೆಸುವ ತಂತ್ರಾಂಶ) ಮತ್ತು ಓರ್ಕಾ (ಅಲ್ಲಿನ ಸ್ಕ್ರೀನ್ ರೀಡರ್). ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲನೆಯದು, ಹಳೆಯದರಲ್ಲಿ ಎರಡನೆಯದು. ಕೆಲವು ವರ್ಷಗಳಿಂದ ಹೀಗೇ ನಡೆದಿದೆ.

ಕಂಪ್ಯೂಟರ್ ಓದಿ ಹೇಳುತ್ತಲ್ಲ, ಬ್ರೈಲ್ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಕತೆ ಕೇಳೋಕೆ ದನಿ ಸಾಕು. ಕರಡು ತಿದ್ದೋಕೆ ಸಾಲದು. ‘ವಿಶೇಷ’ದಲ್ಲಿ ಶ, ಷ ಅದಲುಬದಲಾದರೆ ನನ್ನ ಕಿವಿಗೆ ಗೊತ್ತಾಗಲ್ಲ. ಬೆರಳಿಗೆ ಥಟ್ಟನೆ ಗೊತ್ತಾಗುತ್ತೆ. ಸೆಲ್‌ನ ಒಂದೊಂದು ಚುಕ್ಕಿಗೂ ಒಂದು ಸಂಖ್ಯೆ. ಶ ಅಂದರೆ 1, 4, 6ನೇ ಚುಕ್ಕಿ. ಷ ಅಂದರೆ 1, 2, 3, 4, 6. ಎರಡು ಪದದ ನಡುವೆ ಜಾಗ ಜಾಸ್ತಿ ಬಿಟ್ಟಿದ್ದರೂ ಸಿಕ್ಕಿಬೀಳುತ್ತೆ.

ಬೆಳಿಗ್ಗೆ ಕೆಲಸ ಶುರುವಾಗೋದು ಸೋಪಿನಿಂದ. ಒಗ್ಗರಣೆ, ಮಿರ್ಚಿ ತಿಂದ ಕೈಯಲ್ಲಿ ಡಿಸ್ಪ್ಲೇ ಮುಟ್ಟೋದೇ ಇಲ್ಲ. ಕೈ ತೊಳೆದು, ಪೂರ್ತಿ ಆರಿಸಿ, ಒಣ ಹತ್ತಿ ಬಟ್ಟೆಯಿಂದ ಸೆಲ್‌ಗಳ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಒಂದು ಸಲ ಒರೆಸ್ತೀನಿ. ಬಳ್ಳಾರಿ ಧೂಳು ಗೊತ್ತಲ್ಲ. ಏಪ್ರಿಲ್, ಮೇನಲ್ಲಿ ಬೆರಳು ಬೆವರುತ್ತೆ, ಆಗ ಫ್ಯಾನನ್ನು ನೇರ ಕೈ ಮೇಲೆ ತಿರುಗಿಸಿಕೊಳ್ತೀನಿ. ಪೌಡರ್ ಮಾತ್ರ ಹಚ್ಚಲ್ಲ, ಚುಕ್ಕಿ ಏಳುವ ತೂತುಗಳಿಗೆ ಇಳಿದೀತು ಅನ್ನೋ ಭಯ. ಇಷ್ಟಾದ ಮೇಲೆ ಕೇಬಲ್ ಚುಚ್ಚಿ ಎರಡೂ ಕೈ ಇಟ್ಟರೆ ಚುಕ್ಕಿಗಳು ಪಟಪಟ ಮೇಲೇಳುತ್ತವೆ. ಆ ಕ್ಷಣ ನನಗೆ ಈಗಲೂ ಖುಷಿ ಕೊಡುತ್ತೆ.

ವಿಂಡೋಸ್‌ನಲ್ಲಿ ಎನ್‌ವಿಡಿಎ ನನ್ನ ಡಿಸ್ಪ್ಲೇಯನ್ನು ತಾನೇ ಹುಡುಕಿಕೊಳ್ಳುತ್ತೆ. ಅದರಲ್ಲಿ ಕನ್ನಡ ಬ್ರೈಲ್ ಟೇಬಲ್ ಇದೆ, ಅಂದರೆ ಯಾವ ಅಕ್ಷರಕ್ಕೆ ಯಾವ ಚುಕ್ಕಿ ಅನ್ನೋ ಪಟ್ಟಿ. ನಮ್ಮ ಬ್ರೈಲ್‌ನಲ್ಲಿ ‘ಕ’ಕ್ಕೂ ಇಂಗ್ಲಿಷಿನ ‘ಕೆ’ಗೂ ಚುಕ್ಕಿ ಒಂದೇ, ಅದಕ್ಕೇ ವರ್ಡ್‌ಗೆ ಬೇರೆ ಪ್ರೊಫೈಲ್ ಮಾಡಿ ಅಲ್ಲಿ ಮಾತ್ರ ಕನ್ನಡ ಟೇಬಲ್ ಇಟ್ಟಿದ್ದೇನೆ. ಉಳಿದ ಕಡೆ ಇಂಗ್ಲಿಷ್. ತಪ್ಪು ಸಿಕ್ಕ ಸೆಲ್‌ನ ಮೇಲಿರುವ ಗುಂಡಿ ಒತ್ತಿದರೆ ಕರ್ಸರ್ ಅಲ್ಲಿಗೇ ಬಂದು ಕೂರುತ್ತೆ. ಒಂದು ಎಚ್ಚರಿಕೆ: ವಿಂಡೋಸ್ 10ರಲ್ಲಿ ನರೇಟರ್‌ನ (ವಿಂಡೋಸ್ ಜೊತೆಗೇ ಬರುವ ಸ್ಕ್ರೀನ್ ರೀಡರ್) ಬ್ರೈಲ್ ಆನ್ ಮಾಡಿದರೆ ಯುಎಸ್‌ಬಿ ಡ್ರೈವರ್ ಬದಲಾಗಿ, ಎನ್‌ವಿಡಿಎಗೆ ಡಿಸ್ಪ್ಲೇ ಸಿಗದೇ ಹೋಗಬಹುದು. ನನಗೆ ನರೇಟರ್ ಬೇಕಾಗಲ್ಲ, ಹಾಗಾಗಿ ಆ ತಂಟೆಗೆ ಹೋಗಿಲ್ಲ.

ಈಗ ನಿಜವಾಗಿ ಹೇಳಬೇಕೆಂದಿದ್ದ ವಿಷಯ. ಹಳೆ ಲ್ಯಾಪ್‌ಟಾಪ್ ಕೆಟ್ಟಾಗಲೆಲ್ಲ ಹೊಸದಾಗಿ ವಿಂಡೋಸ್ ಹಾಕೋಕೆ ತಮ್ಮನನ್ನು ಕೂರಿಸಿಕೊಳ್ಳಬೇಕಿತ್ತು. “ಅಣಾ, ಇಂಗ್ಲಿಷ್‌ನಾಗ ಏನೋ ಬಂದೈತಿ, ಎಂಟರ್ ಒತ್ಲೇನು?” ಅಂತ ಅವನು ಕೇಳೋನು. ಏನು ಬಂದಿದೆ ಅಂತ ಗೊತ್ತಾಗದೆ ನಾನು ಹೂಂ ಅನ್ನಬೇಕು. ಡೆಬಿಯನ್ ಹಾಕುವಾಗ ಯಾರೂ ಬೇಕಾಗಲಿಲ್ಲ. ಪೆನ್‌ಡ್ರೈವ್ ಹಾಕಿ, ಡಿಸ್ಪ್ಲೇಯ ಯುಎಸ್‌ಬಿ ಕೇಬಲ್ ಜೋಡಿಸಿ ಆನ್ ಮಾಡಿದೆ. ಸ್ವಲ್ಪ ಹೊತ್ತಿಗೆ ಮೊದಲ ಪ್ರಶ್ನೆ ಬೆರಳಡಿ ಬಂತು. ಆಯ್ಕೆಗಳಿಗೆಲ್ಲ ಒಂದೊಂದು ಸಂಖ್ಯೆ, ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ಮುಂದಿನದು. ಡಿಸ್ಕ್ ಪೂರ್ತಿ ಅಳಿಸಲೇ ಅಂತ ಕೇಳಿದಾಗ ಆ ಸಾಲನ್ನು ಮತ್ತೆ ಮತ್ತೆ ಓದಿ, ನಾನೇ ತೀರ್ಮಾನ ಮಾಡಿ ಹೌದು ಅಂದೆ. ತಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದ, ಎಬ್ಬಿಸಲಿಲ್ಲ. ಹೀಗೆ ಹಾಕಿದ ವ್ಯವಸ್ಥೆಯಲ್ಲಿ ಬಿಆರ್‌ಎಲ್‌ಟಿಟಿವೈ ತಾನೇ ಸೇರಿಕೊಂಡಿರುತ್ತೆ. ಬೂಟ್ ಆಗುವಾಗಲೇ ಕೆಲಸ ಶುರು ಮಾಡುತ್ತೆ. ಸ್ಪೀಕರ್ ಹಾಳಾಗಿರಲಿ, ಡೆಸ್ಕ್‌ಟಾಪ್ ಬಾರದೇ ಇರಲಿ, ಲಾಗಿನ್ ಸಾಲು ಕೈಗೆ ಸಿಗುತ್ತೆ.

ಇಷ್ಟು ಹೊಗಳಿದ ಮೇಲೂ ಹೊಟ್ಟೆಪಾಡಿನ ಕೆಲಸವನ್ನು ಅಲ್ಲಿಗೆ ಸಾಗಿಸೋಕೆ ಆಗಲಿಲ್ಲ. ನನಗೆ ಬರೋದೆಲ್ಲ ವರ್ಡ್ ಫೈಲ್. ತಿದ್ದುಪಡಿ, ಪಕ್ಕದ ಟಿಪ್ಪಣಿ ತುಂಬಿದ ದೊಡ್ಡ ಫೈಲನ್ನು ಅಲ್ಲಿ ತೆರೆದರೆ ಡಿಸ್ಪ್ಲೇ ತಡವರಿಸುತ್ತೆ. ಮುಂದಿನ ಸಾಲಿಗೆ ಗುಂಡಿ ಒತ್ತಿ ಕಾಯಬೇಕು. ಪುಟದ ಲೆಕ್ಕದಲ್ಲಿ ದುಡ್ಡು ಬರುವ ಕೆಲಸದಲ್ಲಿ ಹಾಗೆ ಕಾಯೋದು ಕಷ್ಟ.

ಎರಡೂ ಕಡೆ ಪರಿಹಾರ ಸಿಗದ ತೊಂದರೆ ಇನ್ನೊಂದಿದೆ, ಹಳೆ ನುಡಿ ಫಾಂಟಿನ ಫೈಲ್. ಕಣ್ಣಿಗೆ ‘ಕನ್ನಡ’ ಅಂತ ಕಾಣೋದು ಒಳಗೆ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಅಲ್ಲ. ನನ್ನ ಬೆರಳಿಗೆ ಇಂಗ್ಲಿಷಿನ ಪಿ, ಆಮೇಲೆ ಫ್ರೆಂಚ್‌ನಲ್ಲಿ ಬಳಸುವ ಒಂದು ಅಕ್ಷರ, ಅದರ ಪಕ್ಕ ಪೌಂಡ್ ಗುರುತು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಂಡರೆ ಓದಬಹುದು, ಆದರೆ ಒತ್ತಕ್ಷರ ಎಡವಟ್ಟಾದರೆ ಅದು ಬರೆದವರ ತಪ್ಪೋ ಪರಿವರ್ತಕದ್ದೋ ತಿಳಿಯಲ್ಲ. ಫೈಲ್ ಕಳಿಸುವವರು ದಯವಿಟ್ಟು ಯೂನಿಕೋಡ್‌ನಲ್ಲೇ ಕಳಿಸಿ.

ಒಂದೇ ಲ್ಯಾಪ್‌ಟಾಪ್‌ಗೆ ದುಡ್ಡಿದ್ದು, ಕನ್ನಡ ಫೈಲ್‌ಗಳೇ ನಿಮ್ಮ ಕೆಲಸವಾದರೆ ವಿಂಡೋಸ್, ಎನ್‌ವಿಡಿಎ ಹಾಕಿಕೊಳ್ಳಿ. ಹಳೆ ಲ್ಯಾಪ್‌ಟಾಪ್ ಮೂಲೆಯಲ್ಲಿದ್ದರೆ ಮಾರಬೇಡಿ, ಡೆಬಿಯನ್ ಹಾಕಿ ನೋಡಿ. ಇನ್ನೂ ಡಿಸ್ಪ್ಲೇ ತಗೊಂಡಿಲ್ಲ ಅನ್ನೋರು ಬರೀ ಬ್ಲೂಟೂತ್ ನಂಬಿಕೊಳ್ಳಬೇಡಿ. ಡೆಬಿಯನ್ ಹಾಕುವಾಗ ಡಿಸ್ಪ್ಲೇ ತಾನಾಗಿ ಎಚ್ಚರವಾಗಬೇಕಾದರೆ ಯುಎಸ್‌ಬಿ ಕೇಬಲ್ ಬೇಕೇ ಬೇಕು.