ಒಬ್ಬರೇ ನಡೆಸುವ ಹೊಲಿಗೆ ಉದ್ಯೋಗಕ್ಕೆ ಜೂಕಿ ಡಿಡಿಎಲ್-8700 ಎಷ್ಟು ಆಸರೆ?

ಆರ್ಡರ್ ಕೈಯಲ್ಲಿದೆ, ನಾಳೆ ಬೆಳಿಗ್ಗೆ ಕೊಡಬೇಕು, ಮಷಿನ್ ನೋಡಿದರೆ ನಡುನಡುವೆ ಹೊಲಿಗೆ ಬಿಡುತ್ತಿದೆ. ಒಬ್ಬರೇ ನಡೆಸುವ ಹೊಲಿಗೆ ಉದ್ಯೋಗಕ್ಕೆ ನಿಜವಾದ ಪರೀಕ್ಷೆ ಬರುವುದು ಇಂಥ ಹೊತ್ತಿನಲ್ಲೇ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಕಾಯುತ್ತ ಕೂತರೆ ಒಂದು ದಿನ ಹೋಯಿತು. ಸೂಜಿ ಬಿಚ್ಚಿ, ತಿರುಗಿಸಿ ನೋಡಿ ಮತ್ತೆ ಸರಿಯಾಗಿ ಕೂರಿಸಿದರೆ ಹತ್ತು ನಿಮಿಷದ ಕೆಲಸ. ಜೂಕಿ ಕಂಪನಿಯ ಡಿಡಿಎಲ್-8700 ಮಷಿನ್ ಅನ್ನು ಈ ಒಂದು ದೃಷ್ಟಿಯಿಂದಲೇ ಇಲ್ಲಿ ಅಳೆದಿದೆ: ಸ್ವಂತ ಕಾಲ ಮೇಲೆ ನಿಲ್ಲಲು ಹೊರಟವರಿಗೆ ಇದು ಎಷ್ಟು ಸ್ವಾತಂತ್ರ್ಯ ಕೊಡುತ್ತದೆ, ಎಲ್ಲಿ ಕೈ ಕಟ್ಟುತ್ತದೆ.

ಇದು ಒಂದೇ ಸೂಜಿಯ ಲಾಕ್‌ಸ್ಟಿಚ್ ಮಷಿನ್, ಅಂದರೆ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಸಿಕ್ಕಿಕೊಂಡು ಹೊಲಿಗೆ ಬೀಳುತ್ತದೆ. ತೆಳು ಮತ್ತು ಮಧ್ಯಮ ದಪ್ಪದ ಬಟ್ಟೆಗೆಂದು ಮಾಡಿದ್ದು. ನೇರ ಹೊಲಿಗೆ ಒಂದೇ ಇದಕ್ಕೆ ಗೊತ್ತು. ಹೆಡ್‌ನಲ್ಲಿ, ಅಂದರೆ ಮೇಜಿನ ಮೇಲೆ ಕೂರುವ ಮುಖ್ಯ ಭಾಗದಲ್ಲಿ, ಪರದೆ ಇಲ್ಲ, ಸರ್ಕ್ಯೂಟ್ ಬೋರ್ಡ್ ಇಲ್ಲ, ದಾರ ತಾನೇ ಕತ್ತರಿಸುವ ಸೌಲಭ್ಯವೂ ಇಲ್ಲ. ಅದು ಬೇಕೆನ್ನುವವರಿಗೆ ಇದೇ ಸಾಲಿನ 8700-7 ಇದೆ. ಆದರೆ ಒಂಟಿಯಾಗಿ ದುಡಿಯುವವರಿಗೆ ಮೊದಲ ಮಷಿನ್ ಆಗಿ ಏನೂ ಇಲ್ಲದ ಈ ಬರಿ 8700 ಮಾದರಿಯನ್ನೇ ಹೇಳುತ್ತೇವೆ. ಒಳಗಿರುವುದೆಲ್ಲ ಕಬ್ಬಿಣ, ಸ್ಕ್ರೂ, ಸ್ಪ್ರಿಂಗ್. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ, ಕಲಿತರೆ ಕೈಗೆ ಹತ್ತುತ್ತದೆ.

ವೇಗದ ಮಾತು ಮೊದಲು ಮುಗಿಸಿಬಿಡೋಣ, ಏಕೆಂದರೆ ಮಾರುವವರು ಅದನ್ನೇ ಮುಂದಿಡುತ್ತಾರೆ. ಗರಿಷ್ಠ ವೇಗ ನಿಮಿಷಕ್ಕೆ 5,500 ಹೊಲಿಗೆ. ಹೊಲಿಗೆಯ ಉದ್ದ 2.5 ಮಿ.ಮೀ ಇಟ್ಟರೆ ಲೆಕ್ಕದಲ್ಲಿ ನಿಮಿಷಕ್ಕೆ 13.75 ಮೀಟರ್. ಈಗ ಅರ್ಧ ಮೀಟರ್ ಉದ್ದದ ಒಂದು ತೋಳಿನ ಹೊಲಿಗೆ ತೆಗೆದುಕೊಳ್ಳಿ. ಅಲ್ಲಿರುವುದು 200 ಹೊಲಿಗೆ. 5,500ರಲ್ಲಿ ಸುಮಾರು 2.2 ಸೆಕೆಂಡು, 3,000ದಲ್ಲಿ 4 ಸೆಕೆಂಡು. ಉಳಿತಾಯ ಎರಡು ಸೆಕೆಂಡೂ ಇಲ್ಲ. ಆ ತೋಳಿನ ಎರಡು ಅಂಚು ಎತ್ತಿ, ಜೋಡಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್‌ನ ಪಾದದ ಕೆಳಗೆ ಸರಿಸಲು ಹಿಡಿಯುವ ಸಮಯ ಇದರ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಒಬ್ಬರೇ ಹೊಲಿಯುವ ಕಡೆ ವೇಗವನ್ನು 3,000ದ ಆಸುಪಾಸಿನಲ್ಲೇ ಕಟ್ಟಿಹಾಕಿದರೂ ದಿನದ ಕೊನೆಗೆ ಎಣಿಕೆ ಹೆಚ್ಚೇನೂ ಇಳಿಯುವುದಿಲ್ಲ, ಬಿಚ್ಚಿ ಮತ್ತೆ ಹೊಲಿಯುವ ಕೆಲಸ ಮಾತ್ರ ಕಡಿಮೆಯಾಗುತ್ತದೆ.

ನಿಜವಾಗಿ ಸಮಯ ಉಳಿಸುವುದು ಮೇಜಿನ ಕೆಳಗಿನ ಮೊಣಕಾಲ ಲಿವರ್. ಬಲ ಮೊಣಕಾಲಿಂದ ಒತ್ತಿದರೆ ಪಾದ ಏಳುತ್ತದೆ, ಎರಡೂ ಕೈ ಬಟ್ಟೆಯ ಮೇಲೇ ಇರುತ್ತವೆ. ಮನೆಬಳಕೆಯ ಮಷಿನ್‌ನಲ್ಲಿ ಪ್ರತಿ ಮೂಲೆಗೂ ಒಂದು ಕೈ ಹಿಂದಕ್ಕೆ ಹೋಗಿ ಬರಬೇಕು. ಕಾಲರ್, ಕಫ್, ಜೇಬು ಹೊಲಿಯುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಲಿವರ್ ಪಾದವನ್ನು ಎತ್ತುವ ಸಾಮಾನ್ಯ ಎತ್ತರ 10 ಮಿ.ಮೀ, ಸ್ಕ್ರೂ ತಿರುಗಿಸಿ 13 ಮಿ.ಮೀ ತನಕ ಏರಿಸಬಹುದು. 10 ದಾಟಿಸಿದ ಮೇಲೆ ಪಾದ ಎತ್ತಿ ಹಿಡಿದು, ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಸೂಜಿಯನ್ನು ಹಿಡಿದಿರುವ ಸೂಜಿಕಂಬಿಯ ತಳ ಪಾದಕ್ಕೆ ತಗಲುತ್ತದೆಯೇ ನೋಡಲೇಬೇಕು. ಇದನ್ನು ಮರೆತು ಪೆಡಲ್ ಒತ್ತಿದರೆ ಪಾದವೂ ಹೋಗುತ್ತದೆ, ಕಂಬಿಯೂ ಬಾಗುತ್ತದೆ.

ಮಷಿನ್ ಮನೆಗೆ ಬಂದ ಮೊದಲ ದಿನವೇ ಅರ್ಧ ಜೀವ ಕಳೆಯುವುದುಂಟು. ಹೆಡ್ ಸಾಮಾನ್ಯವಾಗಿ ಎಣ್ಣೆ ಇಲ್ಲದೆ ಬರುತ್ತದೆ. ಹೆಡ್ ಹಿಂದಕ್ಕೆ ಮಲಗಿಸಿ, ಕೆಳಗಿನ ತಟ್ಟೆಯಲ್ಲಿ ಮೇಲಿನ ಗುರುತಿನ ತನಕ ತೆಳು ಹೊಲಿಗೆ ಯಂತ್ರದ ಎಣ್ಣೆ ತುಂಬಿಸಿ. ಕೆಳಗಿನ ಗುರುತಿಗೆ ಇಳಿದಾಗ ಮತ್ತೆ ತುಂಬಿಸಬೇಕು. ದಪ್ಪ ಎಂಜಿನ್ ಆಯಿಲ್ ಖಂಡಿತ ಬೇಡ, ಸಣ್ಣ ಕೊಳವೆಗಳಲ್ಲಿ ಅದು ಏರುವುದಿಲ್ಲ. ಹೆಡ್‌ನ ಮೇಲೆ ಒಂದು ಪುಟ್ಟ ಗಾಜಿನ ಕಿಂಡಿ ಇದೆ. ಮಷಿನ್ ಓಡುವಾಗ ಅಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ಕಾಣದಿದ್ದರೆ ಆ ಕ್ಷಣ ನಿಲ್ಲಿಸಿ. ಮೊದಲ ಸಲ, ಇಲ್ಲವೇ ಬಹಳ ದಿನ ನಿಂತಿದ್ದ ಮೇಲೆ, 3,000–3,500 ವೇಗದಲ್ಲಿ ಸುಮಾರು ಹತ್ತು ನಿಮಿಷ ಓಡಿಸಿ ಎಣ್ಣೆ ಎಲ್ಲ ಕಡೆ ಹರಿಯಲು ಬಿಡಬೇಕು. ಆ ಹೊತ್ತಿನಲ್ಲಿ ಪಾದ ಎತ್ತಿರಲಿ, ಕೆಳದಾರ ಸುತ್ತಿದ ಬಾಬಿನ್ ಕೂರುವ ಬಾಬಿನ್ ಕೇಸ್ ಹೊರಗಿರಲಿ. ಬಟ್ಟೆ ಇಲ್ಲದೆ ಪಾದ ಇಳಿಸಿ ಓಡಿಸಿದರೆ ಬಟ್ಟೆಯನ್ನು ಮುಂದೂಡುವ ಹಲ್ಲುಪಟ್ಟಿ ಪಾದವನ್ನೇ ಅರೆಯುತ್ತದೆ. ಚಕ್ರದ ಕಡೆ ನಿಂತು ನೋಡಿದಾಗ ಅದು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ತಿರುಗಬೇಕು ಎಂಬುದನ್ನೂ ಆಗಲೇ ಖಚಿತ ಮಾಡಿಕೊಳ್ಳಿ.

ಮೋಟರ್ ಬೇರೆಯಾಗಿ ಬರುವ ಭಾಗ, ಆಯ್ಕೆ ನಿಮ್ಮದೇ. ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕ್ಷಣದಿಂದ ನೀವು ಹೊಲಿಯಲಿ, ಬಿಡಲಿ, ತಿರುಗುತ್ತಲೇ ಇರುತ್ತದೆ, ಗುಂಯ್ ಎನ್ನುತ್ತಲೇ ಇರುತ್ತದೆ. ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ಓಡುತ್ತದೆ, ವೇಗಕ್ಕೆ ಮಿತಿ ಹಾಕಬಹುದು, ಕರೆಂಟ್ ಉಳಿಯುತ್ತದೆ. ಈಗಷ್ಟೇ ಕೈ ಪಳಗಿಸುತ್ತಿರುವವರಿಗೆ, ರಾತ್ರಿ ಮನೆಯವರು ಮಲಗಿದ ಮೇಲೆ ಹೊಲಿಯುವವರಿಗೆ ಸರ್ವೋ ಬಿಟ್ಟು ಬೇರೆ ಮಾತೇ ಬೇಡ. ಕ್ಲಚ್ ಮೋಟರ್‌ಗೆ ಒಂದು ಗುಣ ಇದೆ: ಅದರಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಸರ್ವೋದ ಬೋರ್ಡ್ ಸುಟ್ಟರೆ ಸ್ಕ್ರೂಡ್ರೈವರ್ ಏನೂ ಮಾಡಲಾರದು. ಕರೆಂಟ್ ಏರಿಳಿತ ಹೆಚ್ಚಿರುವ ಕಡೆ ಸ್ಟೆಬಿಲೈಸರ್ ಸೇರಿಸಿಯೇ ಬಂಡವಾಳದ ಲೆಕ್ಕ ಹಾಕಿ. ಬೆಲ್ಟ್ ನಡುವೆ ಬೆರಳಿಂದ ಒತ್ತಿದಾಗ ಸುಮಾರು 15 ಮಿ.ಮೀ ಬಾಗಿದರೆ ಸಾಕು. ಅದಕ್ಕಿಂತ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ಸಡಿಲವಾದರೆ ದಪ್ಪ ಜೋಡಣೆಯ ಮೇಲೆ ಜಾರುತ್ತದೆ.

ಇನ್ನು ಸೂಜಿ. ಇಡೀ ಮಷಿನ್‌ನಲ್ಲಿ ಬೆಲೆ ಕಡಿಮೆ ಇರುವ ಭಾಗ ಇದೇ, ಅತಿ ಹೆಚ್ಚು ತೊಂದರೆ ಹುಟ್ಟುವುದೂ ಇದರಿಂದಲೇ. 8700ಕ್ಕೆ ಬೇಕಾದದ್ದು ಡಿಬಿ×1 ಸೂಜಿ, 9ರಿಂದ 18ನೇ ನಂಬರ್ ತನಕ. ಮನೆಬಳಕೆಯ ಸೂಜಿಯ ತಲೆ ಒಂದು ಪಕ್ಕ ಚಪ್ಪಟೆ, ಆದ್ದರಿಂದ ಅದು ತಪ್ಪಾಗಿ ಕೂರುವುದೇ ಇಲ್ಲ. ಡಿಬಿ×1ರ ತಲೆ ಪೂರ್ತಿ ದುಂಡು. ಹೇಗೆ ಬೇಕಾದರೂ ಕೂರುತ್ತದೆ, ತೊಂದರೆ ಇರುವುದೇ ಅಲ್ಲಿ. ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ: ಒಂದು ಪಕ್ಕ ಉದ್ದಕ್ಕೂ ಗೀರಿನಂಥ ಕಾಲುವೆ, ಎದುರು ಪಕ್ಕ ಕಣ್ಣಿನ ಮೇಲೆ ಚಿಕ್ಕ ತಗ್ಗು. ಉದ್ದ ಕಾಲುವೆ ನೇರ ಎಡಕ್ಕೆ, ತಗ್ಗು ನೇರ ಬಲಕ್ಕೆ. ಕೆಳಗೆ ತಿರುಗುತ್ತ ಮೇಲಿನ ದಾರವನ್ನು ಹಿಡಿಯುವ ಹುಕ್ ಇರುವುದು ಆ ಬಲ ಬದಿಯಲ್ಲಿ. ಸೂಜಿ ಮೇಲೇಳುವಾಗ ಆ ತಗ್ಗಿನ ಬಳಿ ದಾರ ಸಣ್ಣ ಕುಣಿಕೆಯಾಗುತ್ತದೆ, ಹುಕ್ಕಿನ ಮೊನೆ ಅದರೊಳಗೆ ತೂರಬೇಕು. ಸೂಜಿ ಸ್ವಲ್ಪವೇ ತಿರುಗಿ ಕೂತಿದ್ದರೂ ಕುಣಿಕೆ ಪಕ್ಕಕ್ಕೆ ವಾಲುತ್ತದೆ, ಮೊನೆಗೆ ಸಿಗುವುದಿಲ್ಲ. ಹೊಲಿಗೆ ಬಿಡುವ ರೋಗದ ಮೂಲ ಬಹುಪಾಲು ಇದೇ. ಸೂಜಿಯನ್ನು ಕಂಬಿಯ ತೂತಿನ ಕೊನೆ ಮುಟ್ಟುವ ತನಕ ಮೇಲಕ್ಕೆ ಒತ್ತಿಯೇ ಸ್ಕ್ರೂ ಬಿಗಿಯಬೇಕು. ಅರ್ಧ ಮಿಲಿಮೀಟರ್ ಕೆಳಗೆ ನಿಂತರೂ ಫಲ ಅದೇ.

ನಂಬರ್ 14 ಎಂದರೆ 0.9 ಮಿ.ಮೀ ದಪ್ಪ, 11 ಎಂದರೆ 0.75, 9 ಎಂದರೆ 0.65. ತೆಳು ಬಟ್ಟೆಗೆ 9 ಅಥವಾ 11, ಶರ್ಟ್ ಬಟ್ಟೆಗೆ 11 ಅಥವಾ 14, ಪ್ಯಾಂಟ್ ಬಟ್ಟೆಗೆ 14 ಅಥವಾ 16. ಮೊನೆ ಮೊಂಡಾಗಿದೆಯೇ ತಿಳಿಯಲು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ, ಗೀರು ಬಿದ್ದರೆ ಅದು ಕಸಕ್ಕೆ. ಹಾಳಾದ ಒಂದು ಸೂಜಿ ಉಳಿಸಲು ಹೋಗಿ ಗಿರಾಕಿಯ ಬಟ್ಟೆಯ ಎಳೆ ಕೀಳುವುದು ಯಾವ ಲೆಕ್ಕಕ್ಕೂ ಸರಿಹೋಗುವುದಿಲ್ಲ.

ತೊಂದರೆ ಬಂದಾಗ ಹುಡುಕುವ ಕ್ರಮ ಗೊತ್ತಿದ್ದರೆ ಅರ್ಧ ಮೆಕ್ಯಾನಿಕ್ ಆದಂತೆ. ಬಟ್ಟೆಯ ಕೆಳಗೆ ದಾರ ಗುಬ್ಬಚ್ಚಿ ಗೂಡಿನಂತೆ ಸಿಕ್ಕಾದರೆ ಎಲ್ಲರೂ ಬಾಬಿನ್ ತೆಗೆದು ನೋಡುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ಮೇಲೆ: ದಾರ ಅದನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಕೂತಿಲ್ಲ, ಅಥವಾ ದಾರ ಎಳೆಯುವ ಲಿವರ್‌ನಿಂದ ಜಾರಿದೆ. ಪೂರ್ತಿ ಬಿಚ್ಚಿ ಮೊದಲಿಂದ ಪೋಣಿಸಿ. ದಾರ ಪದೇಪದೇ ತುಂಡಾಗುತ್ತಿದ್ದರೆ ತುಂಡಾದ ತುದಿ ನೋಡಿ. ಎಳೆ ಬಿಟ್ಟುಕೊಂಡು ನಾರಿನಂತಿದ್ದರೆ ಎಲ್ಲೋ ಉಜ್ಜುತ್ತಿದೆ. ಸೂಜಿಯ ಕಣ್ಣು, ಸೂಜಿ ತಟ್ಟೆಯ ತೂತಿನ ಅಂಚು, ಹುಕ್ಕಿನ ಮೊನೆ, ಈ ಮೂರರಲ್ಲಿ ಒಂದು ಕಡೆ ಗೀರು ಇದ್ದೇ ಇರುತ್ತದೆ. ನಯವಾದ ಎಮರಿ ಕಾಗದದಿಂದ ಉಜ್ಜಿದರೆ ತಟ್ಟೆಯ ಗೀರು ಹೋಗುತ್ತದೆ. ದಾರದ ತುದಿ ಚೂಪಾಗಿ ಕಡಿದಂತಿದ್ದರೆ ಟೆನ್ಷನ್ ಅತಿಯಾಗಿದೆ.

ಬಟ್ಟೆ ಸುಕ್ಕುಗಟ್ಟಿದರೆ ಎರಡೂ ದಾರದ ಬಿಗಿ ಇಳಿಸಿ ಶುರುಮಾಡಿ. ಬಾಬಿನ್ ಕೇಸ್ ಅನ್ನು ಅದರ ದಾರದಿಂದಲೇ ತೂಗುಬಿಟ್ಟು ಕೈ ಮೆಲ್ಲಗೆ ಕುಲುಕಿದಾಗ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಜರ್ರನೆ ಇಳಿದರೆ ಸಡಿಲ, ಅಲುಗದಿದ್ದರೆ ಬಿಗಿ. ಆಮೇಲೆ ಮೇಲಿನ ಟೆನ್ಷನ್ ಅನ್ನು ಇದಕ್ಕೆ ಹೊಂದಿಸಿ. ಇಷ್ಟಾದರೂ ಸುಕ್ಕು ಹೋಗದಿದ್ದರೆ ಸೂಜಿ ಒಂದು ನಂಬರ್ ತೆಳುವಾಗಲಿ, ಪಾದದ ಒತ್ತಡ ಇಳಿಯಲಿ. ಹಲ್ಲುಪಟ್ಟಿ ಸೂಜಿ ತಟ್ಟೆಯಿಂದ ಸುಮಾರು 0.8 ಮಿ.ಮೀ ಮೇಲಿರುವುದು ವಾಡಿಕೆ. ತೀರ ತೆಳು ಬಟ್ಟೆಗೆ ಅದನ್ನೂ ಕೊಂಚ ಇಳಿಸಬೇಕಾಗುತ್ತದೆ. ಬಾಬಿನ್ ತುಂಬುವಾಗ ಶೇ. 80ಕ್ಕೆ ನಿಲ್ಲಿಸಿ, ಗಂಟಲ ತನಕ ತುಂಬಿದ ಬಾಬಿನ್ ಕೇಸ್‌ನೊಳಗೆ ತಡವರಿಸುತ್ತದೆ.

ಸೂಜಿ ಮತ್ತು ಹುಕ್ಕಿನ ಟೈಮಿಂಗ್ ಎಂದರೆ ಹೊಸಬರು ಹೆದರುತ್ತಾರೆ. ಈ ಮಷಿನ್‌ನಲ್ಲಿ ಅದಕ್ಕೂ ಗುರುತು ಇದೆ. ಸೂಜಿಕಂಬಿಯ ಮೇಲೆ ಡಿಬಿ ಸೂಜಿಗೆಂದು ಎರಡು ಗೆರೆ ಕೆತ್ತಿದ್ದಾರೆ. ಕಂಬಿ ಅತಿ ಕೆಳಗಿರುವಾಗ ಮೇಲಿನ ಗೆರೆ, ಕಂಬಿ ಜಾರುವ ಕೊಳವೆಯಾದ ಬುಷ್‌ನ ತಳಕ್ಕೆ ಸಮವಾಗಬೇಕು. ಅಲ್ಲಿಂದ ಚಕ್ರ ತಿರುಗಿಸುತ್ತ ಕಂಬಿ ಏರಿ ಕೆಳಗಿನ ಗೆರೆ ಅದೇ ಜಾಗಕ್ಕೆ ಬಂದಾಗ ಹುಕ್ಕಿನ ಮೊನೆ ಸೂಜಿಯ ನಟ್ಟನಡುವೆ ಇರಬೇಕು. ಎರಡರ ನಡುವೆ ಅಂತರ 0.04ರಿಂದ 0.1 ಮಿ.ಮೀ, ತೆಳು ಕಾಗದ ತೂರುವಷ್ಟು. ತಪ್ಪಿದ್ದರೆ ಹುಕ್ಕಿನ ಸ್ಕ್ರೂಗಳನ್ನು ಸಡಿಲಿಸಿ, ಹೊಂದಿಸಿ, ಬಿಗಿದು, ಪೆಡಲ್ ಮುಟ್ಟುವ ಮೊದಲು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಹಳೆಯ ಬಟ್ಟೆ ಹಾಕಿಕೊಂಡು ನಾಲ್ಕು ಸಲ ಅಭ್ಯಾಸ ಮಾಡಿದವರಿಗೆ ಐದನೇ ಸಲ ಅರ್ಧ ಗಂಟೆ ಸಾಕು. ಈ ಅರ್ಧ ಗಂಟೆಯ ವಿದ್ಯೆಯನ್ನು ಮಷಿನ್ ಕೊಂಡ ಮೊದಲ ತಿಂಗಳಲ್ಲೇ, ಆರ್ಡರ್ ಒತ್ತಡ ಇಲ್ಲದಾಗ ಕಲಿಯಿರಿ ಎಂದು ಒತ್ತಿ ಹೇಳುತ್ತೇವೆ.

ಕೊರತೆಗಳು ಸಣ್ಣವಲ್ಲ. ಝಿಗ್‌ಝ್ಯಾಗ್ ಇಲ್ಲ, ಕಾಜಾ ಇಲ್ಲ, ಅಂಚು ಕಟ್ಟುವ ಓವರ್‌ಲಾಕ್ ಇಲ್ಲ. ಹಿಗ್ಗುವ ನಿಟ್ ಬಟ್ಟೆಯನ್ನು ಇದರಲ್ಲಿ ಹೊಲಿದರೆ ಮೈಮೇಲೆ ಎಳೆದಾಗ ಹೊಲಿಗೆ ಪಟ್ಟನೆ ಬಿಚ್ಚುತ್ತದೆ. ಟೀಶರ್ಟ್, ಒಳಉಡುಪಿನ ಉದ್ಯೋಗಕ್ಕೆ ಹೊರಟವರ ಮೊದಲ ಮಷಿನ್ ಇದಾಗಬಾರದು. ದಪ್ಪ ಚರ್ಮ, ಹಲವು ಮಡಿಕೆಯ ಕ್ಯಾನ್ವಾಸ್ ಬ್ಯಾಗ್‌ಗೂ ಅಲ್ಲ. ಅಲ್ಲಿ ಪಾದವೂ ಜೊತೆಗೆ ನಡೆಯುವ ವಾಕಿಂಗ್ ಫುಟ್ ಮಷಿನ್ ಬೇಕು. ಎಣ್ಣೆ ಹರಿಯುವ ಮಷಿನ್ ಆದ್ದರಿಂದ ಬಿಳಿ ಬಟ್ಟೆಯ ಮೇಲೆ ಕಲೆಯ ಭಯ ಯಾವಾಗಲೂ ಇದ್ದೇ ಇದೆ. ದಿನದ ಮೊದಲ ಕೆಲಸ ಹಳೆ ತುಂಡಿನ ಮೇಲೆ ಒಂದು ಮೀಟರ್ ಹೊಲಿಯುವುದು. ಎಣ್ಣೆ ಗುರುತು ಮುಂದುವರಿದರೆ ಹುಕ್ಕಿಗೆ ಹೋಗುವ ಎಣ್ಣೆಯ ಸ್ಕ್ರೂ ತಗ್ಗಿಸಬೇಕು, ಆದರೆ ಪೂರ್ತಿ ಮುಚ್ಚಬಾರದು, ಒಣಗಿದ ಹುಕ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಮೇಜು, ಹೆಡ್, ಮೋಟರ್ ಸೇರಿ ಭಾರ ಬಹಳ, ಒಬ್ಬರಿಂದ ಸರಿಸಲಾಗದು. ಜಾಗ ಮೊದಲೇ ಗೊತ್ತುಮಾಡಿ, ಎಡಗಡೆ ಬಟ್ಟೆ ಹರಡಲು ಒಂದು ಮೇಜಿನಷ್ಟು ಖಾಲಿ ಬಿಡಿ.

ದರ ಹೇಳುವಾಗ ದಾರವನ್ನು ಮರೆಯುವವರೇ ಹೆಚ್ಚು. ಲಾಕ್‌ಸ್ಟಿಚ್‌ಗೆ ಹೊಲಿಗೆಯ ಉದ್ದದ ಎರಡೂವರೆಯಿಂದ ಮೂರು ಪಟ್ಟು ದಾರ ಹಿಡಿಯುತ್ತದೆ. ಒಂದು ಉಡುಪಿನ ಎಲ್ಲ ಹೊಲಿಗೆ ಸೇರಿ 12 ಮೀಟರ್ ಆದರೆ 30ರಿಂದ 36 ಮೀಟರ್ ದಾರ. ದಾರ ತಾನೇ ಕತ್ತರಿಸುವ ಟ್ರಿಮ್ಮರ್ ಇಲ್ಲದ ಮಷಿನ್ ಆದ್ದರಿಂದ ಪ್ರತಿ ತುದಿಯಲ್ಲಿ ಕತ್ತರಿಸಿ ಬಿಸಾಡುವುದೂ ಇದೆ. ಸಾವಿರ ತುಂಡಿನ ಆರ್ಡರ್‌ನಲ್ಲಿ ಇದು ಕೋನ್‌ಗಟ್ಟಲೆ ಆಗುತ್ತದೆ. ಆ ಕತ್ತರಿಸುವ ಸಮಯಕ್ಕೂ ದರ ಹಾಕಬೇಕು, ಅದು ನಿಮ್ಮದೇ ದುಡಿಮೆ.

ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಈ ಮಾದರಿ ಸರಿಯಾಗಿ ಎಣ್ಣೆ ಕಂಡಿದ್ದರೆ ಬಹುಕಾಲ ಬಾಳುತ್ತದೆ. ನೋಡಲು ಹೋದಾಗ ಬೆಲ್ಟ್ ತೆಗೆಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಎಲ್ಲೂ ತಡೆಯದೆ ಒಂದೇ ಸಮ ತಿರುಗಬೇಕು. ಸೂಜಿಕಂಬಿಯನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ, ಅಲ್ಲಾಡಿದರೆ ಬುಷ್ ಸವೆದಿದೆ. ತಟ್ಟೆಯ ಎಣ್ಣೆ ಕಪ್ಪಗಿದ್ದು ಬೆರಳಿಗೆ ಹೊಳೆಯುವ ಪುಡಿ ಹತ್ತಿದರೆ ಒಳಗೆ ಕಬ್ಬಿಣ ಕಬ್ಬಿಣವನ್ನು ತಿಂದಿದೆ, ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಕೊನೆಗೆ ನಿಮ್ಮದೇ ಬಟ್ಟೆ, ನಿಮ್ಮದೇ ದಾರ ಕೊಟ್ಟು ಎರಡು ಪದರ, ನಾಲ್ಕು ಪದರ ಹೊಲಿಸಿ, ರಿವರ್ಸ್ ಲಿವರ್ ಒತ್ತಿ ಹಿಂದಕ್ಕೂ ಹೊಲಿಸಿ. ಹಿಂದಿನ ಹೊಲಿಗೆ ಮುಂದಿನದರ ತೂತುಗಳಲ್ಲೇ ಹೆಚ್ಚೂಕಡಿಮೆ ಕೂರಬೇಕು.

ಮೇಜಿನ ಡ್ರಾಯರ್‌ನಲ್ಲಿ ಯಾವಾಗಲೂ ಇರಬೇಕಾದವು: 11, 14, 16ರ ಡಿಬಿ×1 ಸೂಜಿ ಹತ್ತತ್ತು, ಬಾಬಿನ್ ಎಂಟು, ಹೆಚ್ಚುವರಿ ಬಾಬಿನ್ ಕೇಸ್ ಒಂದು, ಒಂದು ಬೆಲ್ಟ್, ಒಂದು ಸೂಜಿ ತಟ್ಟೆ, ದಾರ ಎಳೆಯುವ ಟೆನ್ಷನ್ ಸ್ಪ್ರಿಂಗ್, ದೊಡ್ಡ ಮತ್ತು ಚಿಕ್ಕ ಸ್ಕ್ರೂಡ್ರೈವರ್, ಗಟ್ಟಿ ಬ್ರಷ್, ಅರ್ಧ ಲೀಟರ್ ಎಣ್ಣೆ. ಸಂಜೆ ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ, ಬಾಬಿನ್ ಕೇಸ್ ತೆಗೆದು ಹುಕ್ಕಿನ ಸುತ್ತಲಿನ ನೂಲಿನ ಧೂಳು ಬ್ರಷ್‌ನಿಂದ ಹೊಡೆದು, ಪಾದದ ಕೆಳಗೆ ಒಂದು ಹಳೆ ಬಟ್ಟೆ ತುಂಡು ಇಟ್ಟು ಇಳಿಸಿ. ರಾತ್ರಿ ಸೂಜಿಕಂಬಿಯಿಂದ ಜಾರಿದ ಎಣ್ಣೆಯ ಹನಿಯನ್ನು ಅದು ಹೀರಿಕೊಳ್ಳುತ್ತದೆ, ಬೆಳಿಗ್ಗೆಯ ಮೊದಲ ಶರ್ಟ್ ಉಳಿಯುತ್ತದೆ.