ಫೈರ್ ಕೋರ್ಸ್ ಅಂತ 60 ಸಾವಿರ ಕಟ್ಟಿ ಮೋಸ ಹೋದೆ, ನೀವು ಕಟ್ಟಬೇಡಿ

ವಿಜಯಪುರ, ಬಾಗಲಕೋಟೆ ಕಡೆ ಅಗ್ನಿಶಾಮಕ ದಳಕ್ಕೆ ತಯಾರಿ ಮಾಡುತ್ತಿರುವ ಹುಡುಗರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮದು ಇಂಡಿ ತಾಲೂಕು. ನಾನು ಎಂಟನೇತ್ತೆಯಲ್ಲಿದ್ದಾಗ ನಮ್ಮ ಬಣವಿಗೆ ಬೆಂಕಿ ಬಿತ್ತು. ಫೈರ್ ಗಾಡಿಯವರು ಬಂದು ಪಕ್ಕದ ಕೊಟ್ಟಿಗೆ ಮತ್ತು ಎರಡು ಎಮ್ಮೆ ಉಳಿಸಿಕೊಟ್ಟರು. ಅವತ್ತಿನಿಂದ ಇದೇ ಕೆಲಸ ಬೇಕು ಅಂತ ಆಸೆ. ಪಿಯುಸಿ ಮುಗಿದ ಮೇಲೆ ವಿಜಯಪುರ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಪೋಸ್ಟರ್ ಕಂಡಿತು. ಆರು ತಿಂಗಳ ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ, ಸರ್ಕಾರಿ ಕೆಲಸಕ್ಕೆ ನೇರ ದಾರಿ ಅಂತ ಬರೆದಿತ್ತು. ಅಪ್ಪ ಲಿಂಬೆಹಣ್ಣಿನ ರೊಕ್ಕ ತೆಗೆದು 60 ಸಾವಿರ ಕಟ್ಟಿದರು. ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೂಡ ಅವರೇ ಇಟ್ಟುಕೊಂಡರು, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಆರು ತಿಂಗಳು ಒಂದು ರೂಮಿನಲ್ಲಿ ಕೂರಿಸಿ ಜೆರಾಕ್ಸ್ ನೋಟ್ಸ್ ಓದಿಸಿದರು. ಪ್ರಾಕ್ಟಿಕಲ್ ಅಂದರೆ ಒಂದೇ ಒಂದು ದಿನ. ನಲವತ್ತು ಹುಡುಗರಿಗೆ ಬೆಂಕಿ ಆರಿಸುವ ಪುಡಿ ತುಂಬಿದ ಒಂದು ಎಬಿಸಿ ಪೌಡರ್ ಸಿಲಿಂಡರ್, ಇಬ್ಬರು ಪಿನ್ ಕಿತ್ತು ಒತ್ತುವಷ್ಟರಲ್ಲಿ ಖಾಲಿ. ಉಳಿದವರೆಲ್ಲ ಅದನ್ನು ಹಿಡಿದು ಫೋಟೊ ತೆಗೆಸಿಕೊಂಡೆವು. ಏಣಿ ಹತ್ತಿಸಲಿಲ್ಲ, ಹಗ್ಗ ಹಿಡಿಸಲಿಲ್ಲ. ಹೊಗೆ ತುಂಬಿದ ಮನೆಯೊಳಗೆ ಹೋಗುವಾಗ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರ್ ಹೇಗಿರುತ್ತದೆ ಅಂತ ತೋರಿಸಲೂ ಇಲ್ಲ.

ಸರ್ಟಿಫಿಕೇಟ್ ಹಿಡಿದು ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಕೆಲಸ ಕೇಳಲು ಹೋದೆ. ಅಲ್ಲಿ ಕಬ್ಬಿನ ಸಿಪ್ಪೆ ಗುಡ್ಡದ ಹಾಗೆ ಬಿದ್ದಿರುತ್ತದೆ, ಒಂದು ಕಿಡಿ ಸಾಕು, ಅದಕ್ಕೇ ಫೈರ್ ಕೆಲಸದವರು ಬೇಕೇ ಬೇಕು. ಅಲ್ಲಿನ ಹಿರಿಯರು ಕಾಗದ ನೋಡಲೇ ಇಲ್ಲ. ಸುತ್ತಿಟ್ಟಿದ್ದ ನೀರಿನ ಹೋಸ್ ಪೈಪ್ ತೋರಿಸಿ, ಇದನ್ನು ಬಿಚ್ಚಿ ಹೈಡ್ರಂಟ್‌ಗೆ, ಅಂದರೆ ಬೆಂಕಿ ಆರಿಸಲು ನೀರು ಕೊಡುವ ದೊಡ್ಡ ನಲ್ಲಿಗೆ, ಜೋಡಿಸಿ ತೋರಿಸು ಅಂದರು. ಯಾವ ತುದಿ ಹೈಡ್ರಂಟ್ ಕಡೆ, ಯಾವ ತುದಿ ನಳಿಕೆ ಕಡೆ ಅಂತಲೇ ನನಗೆ ಗೊತ್ತಾಗಲಿಲ್ಲ. ಕೈ ನಡುಗಿತು. ಅವರು ಬೈಯಲಿಲ್ಲ, ನೀರು ಕುಡಿಸಿ ಕಳಿಸಿದರು. ಬಸ್ಸಿನಲ್ಲಿ ಅತ್ತುಬಿಟ್ಟೆ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ, ಸೀದಾ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿದೆ. ಅಲ್ಲಿದ್ದ ಒಬ್ಬರು ಸರ್ಟಿಫಿಕೇಟ್ ತಿರುಗಿಸಿ ನೋಡಿ, "ತಮ್ಮಾ, ಇದಕ್ಯಾಕ ರೊಕ್ಕ ಕೊಟ್ಟಿ? ಹತ್ತನೇತ್ತೆ ಪಾಸಾಗಿದ್ರ ಸಾಕಾಗಿತ್ತಲ್ಲ" ಅಂದರು. ಅವರು ಹೇಳಿದ್ದು ನಿಜ. 2020ರ ನೇಮಕಾತಿಯಲ್ಲಿ ಫೈರ್‌ಮನ್ ಹುದ್ದೆಗೆ ಕೇಳಿದ ಓದು ಎಸ್ಸೆಸ್ಸೆಲ್ಸಿ ಅಷ್ಟೇ, ಡಿಪ್ಲೊಮಾ ಅಲ್ಲ. ಅದರ ಮೇಲೆ ವಯಸ್ಸು, ದೇಹದ ಅಳತೆ, ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ. ಆಯ್ಕೆಯಾದವರಿಗೆ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ಇಲಾಖೆಯೇ ತರಬೇತಿ ಕೊಡುತ್ತದೆ. ಅಂದರೆ ಕೆಲಸ ಸಿಕ್ಕ ಮೇಲೆ ಕಲಿಸುವುದನ್ನು ಕೆಲಸ ಕೊಡಿಸುತ್ತೇವೆ ಅಂತ ನಮಗೆ ಮಾರಿದ್ದರು.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ನನ್ನ ವಿಷಯಕ್ಕಲ್ಲ. ನಮ್ಮ ಬ್ಯಾಚಿನಲ್ಲಿ ಬಾಗೇವಾಡಿ ಕಡೆಯ ಒಬ್ಬ ಹುಡುಗನಿದ್ದ, ಎತ್ತರ 164 ಸೆಂಟಿಮೀಟರ್. ಆ ನೇಮಕಾತಿಯಲ್ಲಿ ಕೇಳಿದ್ದು 168. ಒಂದು ಟೇಪ್ ಹಿಡಿದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು ಅಲ್ವಾ? ಅವನಿಂದಲೂ ಪೂರ್ತಿ ಫೀಸು ತಗೊಂಡರು. ಅವನ ಅವ್ವ ಸಂಘದಿಂದ ಸಾಲ ತಂದು ಕಟ್ಟಿದ್ದಳು.

ಸರ್ಟಿಫಿಕೇಟ್ ಮೇಲೆ ರಿಜಿಸ್ಟ್ರೇಷನ್ ನಂಬರ್, ಐಎಸ್ಒ ಮುದ್ರೆ ಎಲ್ಲ ಇರುತ್ತದೆ. ನಾನು ಅದನ್ನೇ ಸರ್ಕಾರದ ಮಾನ್ಯತೆ ಅಂದುಕೊಂಡಿದ್ದೆ. ಕೋರ್ಸ್ ನಡೆಸುವ ಟ್ರಸ್ಟಿನ ನೋಂದಣಿ ಬೇರೆ, ಕೋರ್ಸಿಗೆ ಮಾನ್ಯತೆ ಬೇರೆ. ಫೈರ್ ವಿಷಯವನ್ನೇ ಓದಬೇಕು ಅನ್ನುವವರಿಗೆ ನಾಗಪುರದಲ್ಲಿ ಕೇಂದ್ರ ಸರ್ಕಾರದ್ದೇ ಅಗ್ನಿಶಾಮಕ ಕಾಲೇಜು ಇದೆ, 1956ರಲ್ಲಿ ಶುರುವಾದದ್ದು. ಮೊದಲು ಅಲ್ಲಿನ ಕೋರ್ಸುಗಳನ್ನು ನೋಡಿ. ಯಾರೇ ದುಡ್ಡು ಕೇಳಿದರೂ ಹಿಂದಿನ ನೇಮಕಾತಿಯ ಅಧಿಸೂಚನೆ ತೆಗೆದು, ಈ ಕೋರ್ಸ್ ಎಲ್ಲಿ ಕೇಳಿದ್ದಾರೆ ತೋರಿಸಿ ಅನ್ನಿ. ಒರಿಜಿನಲ್ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ.

ಈಗಾಗಲೇ ಕಟ್ಟಿದವರು ರಸೀದಿ, ಪೋಸ್ಟರಿನ ಫೋಟೊ, ಫೋನ್‌ಪೇ ಸ್ಕ್ರೀನ್‌ಶಾಟ್ ಎಲ್ಲ ಇಟ್ಟುಕೊಂಡು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಾನೂ ದೂರು ಕೊಟ್ಟಿದ್ದೇನೆ. ಮಾರ್ಕ್ಸ್ ಕಾರ್ಡ್ ವಾಪಸ್ ಬಂದಿದೆ, ದುಡ್ಡು ಇನ್ನೂ ಬಂದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಓಡುವುದನ್ನು ಮತ್ತೆ ಶುರು ಮಾಡಿದ್ದೇನೆ, ಬಾಗೇವಾಡಿಯ ಆ ಹುಡುಗ ಈಗ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ.