ಇಂಟರ್‌ನೆಟ್ ಇಲ್ಲದ ಶಾಲೆಗೆ ಕೊಲಿಬ್ರಿ: ತಾಂಜಾನಿಯಾದ ಹಳ್ಳಿಯಲ್ಲಿ ಬಳಸಿ ನೋಡಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಮತ್ತು ಐಟಿ ಕಲಿಸಿ ನಿವೃತ್ತನಾದ ನಾನು, ನನ್ನ ಹಳೆಯ ಶಿಷ್ಯರೇ ಹೆಚ್ಚಾಗಿದ್ದ ಸ್ವಯಂಸೇವಕರ ತಂಡವೊಂದರ ಜೊತೆ ತಾಂಜಾನಿಯಾದ ಮೊರೊಗೊರೊ ಪ್ರಾಂತದ ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಗೆ ಮೂರು ವಾರಗಳ ಕಂಪ್ಯೂಟರ್ ತರಬೇತಿಗಾಗಿ ಹೋಗಿದ್ದೆ. ನಾವು ಒಯ್ದದ್ದು ಹತ್ತು ಹಳೆಯ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್ ಮತ್ತು ಅದರಲ್ಲಿ ಹಾಕಿದ್ದ ಕೊಲಿಬ್ರಿ ಎಂಬ ತಂತ್ರಾಂಶ. ಇಂಥ ಕೆಲಸಕ್ಕೆ ಹೊರಡಲಿರುವ ನಮ್ಮ ಊರಿನ ಇನ್ನೊಂದು ತಂಡದವರು ಏನು ಒಯ್ಯಬೇಕೆಂದು ವಿಚಾರಿಸಿದ್ದರಿಂದ ಕೊಲಿಬ್ರಿಯ ಗುಣದೋಷಗಳನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೊಲಿಬ್ರಿಯನ್ನು ರೂಪಿಸಿದ್ದು ಲರ್ನಿಂಗ್ ಈಕ್ವಾಲಿಟಿ ಎಂಬ ಅಮೆರಿಕದ ಲಾಭರಹಿತ ಸಂಸ್ಥೆ. ಜಾಲತಾಣದಲ್ಲಿ ಉಚಿತವಾಗಿ ಪಾಠ ಒದಗಿಸುವ ಖಾನ್ ಅಕಾಡೆಮಿಯ ಪಾಠಗಳನ್ನು ಇಂಟರ್‌ನೆಟ್ ಇಲ್ಲದೆಯೇ ನೋಡುವುದಕ್ಕೆಂದು 2012ರಲ್ಲಿ ಬಂದ ಕೆಎ ಲೈಟ್ ಇದರ ಹಿಂದಿನ ರೂಪ. ಸಂಪರ್ಕ ಚೆನ್ನಾಗಿರುವ ಕಡೆ ಒಮ್ಮೆ ಪಾಠಗಳನ್ನು ಇಳಿಸಿಕೊಂಡರೆ ಸಾಕು. ಆಮೇಲೆ ಒಂದು ಕಂಪ್ಯೂಟರ್ ಸರ್ವರ್ ಆಗಿ ನಿಂತು, ಅದರ ವೈಫೈಗೆ ಸೇರಿದ ಉಳಿದ ಯಂತ್ರಗಳು ಬ್ರೌಸರಿನಲ್ಲಿ ವಿಳಾಸವೊಂದನ್ನು ತೆರೆದಾಗ ಪಾಠ, ವೀಡಿಯೊ ಮತ್ತು ಅಭ್ಯಾಸದ ಲೆಕ್ಕಗಳು ಬರುತ್ತವೆ. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಪಾಠಗಳೆಲ್ಲ ಸೇರಿ ಹತ್ತಾರು ಜಿಬಿ ಆಗುವುದರಿಂದ ಇಳಿಸುವ ಕೆಲಸವನ್ನು ನಾವು ಊರಿನಲ್ಲಿಯೇ, ರಾತ್ರಿಯ ಹೊತ್ತು, ನಾಲ್ಕು ದಿನ ಕುಳಿತು ಮುಗಿಸಿದೆವು. ರಾಸ್ಪ್‌ಬೆರಿ ಪೈಯ ಅಡಾಪ್ಟರ್ ಹೆಚ್ಚೆಂದರೆ 15 ವಾಟ್ ಎಳೆಯುತ್ತದೆ. ಆದ್ದರಿಂದ ಆ ಶಾಲೆಯ ಮಾಡಿನ ಮೇಲಿದ್ದ ಒಂದೇ ಒಂದು ಸೋಲಾರ್ ಫಲಕ ಮತ್ತು ಬ್ಯಾಟರಿಯಿಂದ ಸರ್ವರ್ ದಿನವಿಡೀ ನಡೆಯಿತು.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಭಾಷೆಯ ವಿಷಯ. ತಾಂಜಾನಿಯಾದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸ್ವಾಹಿಲಿ ಮಾಧ್ಯಮ. ಮಾಧ್ಯಮಿಕ ಶಾಲೆಗೆ ಕಾಲಿಟ್ಟ ಕೂಡಲೇ ಇಂಗ್ಲಿಷ್. ಮಲಯಾಳದ ಕೈಪಿಡಿ ಹಿಡಿದು ಕಂಪ್ಯೂಟರ್ ತರಬೇತಿಗೆ ಕುಳಿತು, ಮನೆಗೆ ಬಂದು ಅದನ್ನು ಕನ್ನಡಕ್ಕೆ ಮಾಡಿಕೊಂಡು ಮರುದಿನ ಮಕ್ಕಳಿಗೆ ಹೇಳಿಕೊಟ್ಟ ಗಡಿನಾಡಿನ ಅಧ್ಯಾಪಕರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕೊಲಿಬ್ರಿಯ ಗುಂಡಿಗಳು, ಸೂಚನೆಗಳೆಲ್ಲ ಸ್ವಾಹಿಲಿಯಲ್ಲಿ ದೊರೆಯುತ್ತವೆ. ತಾಂಜಾನಿಯಾದವರೇ ತಯಾರಿಸುವ ಉಬೊಂಗೊ ಕಿಡ್ಸ್‌ನ ಗಣಿತದ ಕಾರ್ಟೂನುಗಳೂ ಅದರಲ್ಲಿವೆ. ಪಾಸ್‌ವರ್ಡಿಗೆ ಸ್ವಾಹಿಲಿಯಲ್ಲಿ ‘ನೆನೊಸಿರಿ’ ಎನ್ನುತ್ತಾರೆ, ಅಂದರೆ ಗುಟ್ಟಿನ ಮಾತು. ನಮ್ಮ ‘ಗುಪ್ತಪದ’ದ ಹಾಗೆಯೇ. ಮೌಸಿಗೆ ‘ಕಿಪಾನ್ಯ’, ಪುಟ್ಟ ಇಲಿ. ಅಧ್ಯಾಪಕರನ್ನು ‘ಮ್ವಾಲಿಮು’ ಎಂದು ಕರೆಯುವುದನ್ನು ಕೇಳಿ ಕುಂಬಳೆಯ ನನ್ನ ಶಿಷ್ಯನೊಬ್ಬ, “ಮಾಷ್ಟ್ರೇ, ಇದು ನಮ್ಮ ಮದ್ರಸದ ಮುಅಲ್ಲಿಂ ಅಲ್ವಾ?” ಎಂದ. ಎರಡಕ್ಕೂ ಮೂಲ ಒಂದೇ ಅರಬಿ ಶಬ್ದ. ಅಂದಿನಿಂದ ಅವನು ಅಲ್ಲಿಯ ಅಧ್ಯಾಪಕರೊಡನೆ ಮಾತನಾಡಲು ಹಿಂಜರಿಯಲಿಲ್ಲ.

ಆದರೆ ಕೊಲಿಬ್ರಿ ಕಂಪ್ಯೂಟರನ್ನು ಕಲಿಸುವುದಿಲ್ಲ, ಕಂಪ್ಯೂಟರಿನ ಮೂಲಕ ಪಾಠ ಕಲಿಸುತ್ತದೆ. ಈ ವ್ಯತ್ಯಾಸ ನಮಗೆ ಹೊಳೆದದ್ದು ಮೊದಲ ದಿನ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮೌಸನ್ನು ಮೇಜಿನ ಅಂಚಿನವರೆಗೆ ದೂಡಿ, ಮುಂದಕ್ಕೆ ಜಾಗವಿಲ್ಲದೆ, ಅದನ್ನು ಎತ್ತಿ ಮತ್ತೆ ನಡುವೆ ಇಡಬಹುದೆಂದು ತಿಳಿಯದೆ, ಮೈಯನ್ನೇ ವಾಲಿಸಿ ಕೈಯನ್ನು ಮೇಜಿನಾಚೆಗೆ ಚಾಚಿ ಹಿಡಿದಿದ್ದಳು; ಬಾಣದ ಗುರುತು ಮಾತ್ರ ಗುಂಡಿಗಿಂತ ಒಂದು ಬೆರಳಿನಷ್ಟು ಹಿಂದೆಯೇ ನಿಂತಿತ್ತು. ಆ ಮಧ್ಯಾಹ್ನ ನಾವು ಕೊಲಿಬ್ರಿಯನ್ನು ಬದಿಗಿಟ್ಟು, ಲ್ಯಾಪ್‌ಟಾಪುಗಳಲ್ಲಿ ಟಕ್ಸ್ ಪೇಂಟ್ ಎಂಬ ಚಿತ್ರದ ತಂತ್ರಾಂಶ ತೆರೆದು, ನಮ್ಮೂರಿನ ಕಿರಿಯ ತರಗತಿಗಳಲ್ಲಿ ಮಾಡಿಸುವಂತೆ ಮಕ್ಕಳಿಂದ ಚಿತ್ರ ಬಿಡಿಸಿದೆವು. ಐದು ದಿನ ಹಾಗೆ ಕಳೆದ ಮೇಲೆಯೇ ಕೊಲಿಬ್ರಿಗೆ ಮರಳಿದ್ದು. ಚಿತ್ರದ ತಂತ್ರಾಂಶ ಮತ್ತು ಟೈಪಿಂಗ್ ಅಭ್ಯಾಸವಿಲ್ಲದೆ ಇದೊಂದನ್ನೇ ಒಯ್ಯುವ ತಂಡಕ್ಕೆ ಮೊದಲ ವಾರ ವ್ಯರ್ಥವಾಗುತ್ತದೆ.

ಘಾನಾದ ರಿಚರ್ಡ್ ಅಪ್ಪಿಯಾ ಅಕೊಟೊ ಎಂಬ ಅಧ್ಯಾಪಕರು ಶಾಲೆಯಲ್ಲಿ ಕಂಪ್ಯೂಟರೇ ಇಲ್ಲದ್ದರಿಂದ ಮೈಕ್ರೋಸಾಫ್ಟ್ ವರ್ಡ್‌ನ ಇಡೀ ಪರದೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ಕಪ್ಪುಹಲಗೆಯ ಮೇಲೆ ಬರೆದು ಕಲಿಸುತ್ತಿದ್ದ ಚಿತ್ರ 2018ರಲ್ಲಿ ಲೋಕವೆಲ್ಲ ಹರಡಿದ್ದು ಅನೇಕರಿಗೆ ನೆನಪಿರಬಹುದು. ಅವರ ವಿದ್ಯಾರ್ಥಿಗಳು ಈ ವಿಷಯದಲ್ಲಿ ಪರೀಕ್ಷೆ ಬರೆಯಲೇಬೇಕಿತ್ತು. ಆ ಊರಿಗೆ ಬೇಕಾಗಿದ್ದದ್ದು ಯಂತ್ರ; ಕಲಿಸುವವರು ಅಲ್ಲಿಯೇ ಇದ್ದರು. ಸ್ವಯಂಸೇವಕರಾಗಿ ಹೋಗುವ ನಾವು ತರಗತಿಯ ಮುಂದೆ ನಿಂತು ಪಾಠ ಮಾಡಿದರೆ, ನಾವು ವಿಮಾನ ಹತ್ತಿದ ಮರುದಿನ ಅದು ನಿಂತುಹೋಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಕೊಲಿಬ್ರಿಯಲ್ಲಿ ಅಧ್ಯಾಪಕರಿಗೆಂದೇ ಪ್ರತ್ಯೇಕ ಭಾಗವಿರುವುದು ಈ ಕಾರಣಕ್ಕೆ ಬೆಲೆಯುಳ್ಳದ್ದು. ಅವರೇ ತರಗತಿ ಮಾಡಿ, ಪಾಠ ಆರಿಸಿ, ಕ್ವಿಜ್ ಕೊಟ್ಟು, ಯಾವ ಮಗು ಯಾವ ಪ್ರಶ್ನೆಯಲ್ಲಿ ಎಡವಿತು ಎಂಬುದನ್ನು ನೋಡಬಹುದು. ಮಕ್ಕಳು ಪಾಸ್‌ವರ್ಡ್ ಇಲ್ಲದೆ ಹೆಸರು ಮಾತ್ರ ಒತ್ತಿ ಒಳಗೆ ಬರುವಂತೆಯೂ ಮಾಡಬಹುದು. ಅಲ್ಲಿಯ ಗಣಿತದ ಅಧ್ಯಾಪಕಿ ಭಿನ್ನರಾಶಿಯ ಕ್ವಿಜ್ ಒಂದರಲ್ಲಿ ಬಹುಮಂದಿ ಒಂದೇ ಲೆಕ್ಕ ತಪ್ಪಿದ್ದನ್ನು ಕಂಡು, ಪರದೆಯನ್ನು ಮುಚ್ಚಿ, ಕಪ್ಪುಹಲಗೆಯ ಮೇಲೆ ಆ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿ ತೋರಿಸಿದರು. ಮೂರು ವಾರಗಳಲ್ಲಿ ನಾನು ಕಂಡ ಅತ್ಯುತ್ತಮ ಪಾಠ ಅದು.

ದೋಷವೊಂದನ್ನು ಮುಚ್ಚಿಡಲಾರೆ, ಆದರೆ ಅದು ಕೊಲಿಬ್ರಿಯದ್ದಲ್ಲ. ರಾಸ್ಪ್‌ಬೆರಿ ಪೈಯಲ್ಲಿ ಎಲ್ಲವೂ ಇರುವುದು ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ. ಎರಡನೆಯ ವಾರ ಮೋಡ ಕವಿದ ದಿನ ಬ್ಯಾಟರಿ ಬರಿದಾಗಿ, ಯಂತ್ರ ಕಾರ್ಡಿಗೆ ಮಾಹಿತಿ ಬರೆಯುತ್ತಿದ್ದಾಗಲೇ ಕರೆಂಟು ಹೋದದ್ದರಿಂದ ಕಾರ್ಡು ಕೆಟ್ಟು ಯಂತ್ರ ಏಳಲೇ ಇಲ್ಲ. ಮಕ್ಕಳ ಅಷ್ಟೂ ದಿನಗಳ ಅಂಕಗಳು ಹೋದವು. ಪುಣ್ಯಕ್ಕೆ ಪಾಠಗಳ ಪ್ರತಿ ನನ್ನ ಹಾರ್ಡ್‌ಡಿಸ್ಕಿನಲ್ಲಿತ್ತು. ಹೊರಡುವ ಮೊದಲು ಮನೆಯಲ್ಲಿಯೇ ಹತ್ತು ಸಲ ಪ್ಲಗ್ ಕಿತ್ತು ಪರೀಕ್ಷಿಸಿ. ಕರೆಂಟು ಹೋದರೂ ಸ್ವಲ್ಪ ಹೊತ್ತು ನಿಲ್ಲುವ ಸಣ್ಣ ಬ್ಯಾಕಪ್ ಒಂದನ್ನು ಜೋಡಿಸಿ. ಒಂದೇ ಬಗೆಯ ಎರಡು ಕಾರ್ಡು ಸಿದ್ಧಮಾಡಿ.

ನಾವು ಎರಡನೆಯ ಕಾರ್ಡನ್ನು ಅಲ್ಲಿಯೇ ತಯಾರಿಸಿದೆವು. ಬದಲಾಯಿಸುವ ಕ್ರಮವನ್ನು ಗಣಿತದ ಅಧ್ಯಾಪಕಿಯೇ ತಮ್ಮ ಕೈಯಾರೆ ಮೂರು ಸಲ ಮಾಡಿ, ಸ್ವಾಹಿಲಿಯಲ್ಲಿ ಹದಿನಾಲ್ಕು ಸಾಲುಗಳಲ್ಲಿ ಬರೆದು, ‘ನೆನೊಸಿರಿ’ಯನ್ನು ನಾವು ಇಟ್ಟದ್ದರ ಬದಲು ತಮಗೆ ಮಾತ್ರ ಗೊತ್ತಿರುವ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಕಾರ್ಡು ಮತ್ತು ಆ ಕಾಗದ ಈಗ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಹಾಜರಿ ಪುಸ್ತಕಗಳ ಜೊತೆ ಇವೆ.